ಝಾಕ್ಸೈಡ್ ಹಾಕಿಕೊಂಡೆ, ಒಂದು ಕಡೆ ಕಿತ್ತುಹಾಕಿದೆ

ನನ್ನ ಪ್ರಾಜೆಕ್ಟ್ ಫೋಲ್ಡರ್‌ಗಳು ಐದಾರು ಹಂತ ಒಳಗಿರುತ್ತವೆ. ಟರ್ಮಿನಲ್‌ನಲ್ಲಿ ಫೋಲ್ಡರ್ ಬದಲಿಸುವ ಸಿಡಿ ಕಮಾಂಡ್ ಹೊಡೆದು, ಟ್ಯಾಬ್ ಒತ್ತಿ ಒತ್ತಿ ಸಾಕಾಗಿ ಝಾಕ್ಸೈಡ್ ಹಾಕಿಕೊಂಡೆ. ಝಡ್ ಅಂತ ಹೊಡೆದು ಫೋಲ್ಡರ್ ಹೆಸರಿನ ಒಂದು ತುಂಡು ಕೊಟ್ಟರೆ, ಮೊದಲು ಹೋಗಿದ್ದ ಜಾಗಗಳಲ್ಲಿ ಹೊಂದುವ, ಹೆಚ್ಚು ಅಂಕವಿರುವ ಕಡೆಗೆ ನೇರ ಕರೆದೊಯ್ಯುವ ಪ್ರೋಗ್ರಾಮ್ ಅದು.

ಉಬುಂಟು ಲಿನಕ್ಸಿನಲ್ಲಿ, ಪ್ಯಾಕೇಜ್ ಹಾಕುವ ತೆಗೆಯುವ ಆಪ್ಟ್‌ನಿಂದ ಇನ್‌ಸ್ಟಾಲ್ ಮಾಡಿದೆ. ಝಡ್ ಅಂತ ಹೊಡೆದರೆ ಏನೂ ಆಗಲಿಲ್ಲ. ಯಾವ ಪ್ರೋಗ್ರಾಮಿಗೂ ಶೆಲ್ (ನಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ನಿಂತಿರುವ ಫೋಲ್ಡರನ್ನು ಹೊರಗಿನಿಂದ ಬದಲಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೆ ಶೆಲ್ ಒಳಗೇ ಒಂದು ಫಂಕ್ಷನ್ ಬೇಕು. ಶೆಲ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ, ಆ ಫಂಕ್ಷನ್ ತಯಾರಿಸುವ ಇನಿಟ್ ಸಾಲು ಸೇರಿಸಿ, ಹೊಸ ಟರ್ಮಿನಲ್ ತೆರೆದ ಮೇಲೆ ಝಡ್ ಬಂತು.

ಮೊದಲ ದಿನ ಅದಕ್ಕೆ ಏನೂ ಗೊತ್ತಿರುವುದಿಲ್ಲ. ನೀವು ಹೋದ ಕಡೆಗೆಲ್ಲ ಒಂದೊಂದು ಅಂಕ ಸೇರಿಸುತ್ತಾ ಹೋಗುತ್ತದೆ. ಹುಡುಕುವಾಗ, ಕಳೆದ ಒಂದು ಗಂಟೆಯೊಳಗೆ ಹೋಗಿದ್ದ ಜಾಗದ ಅಂಕವನ್ನು 4 ಪಟ್ಟು ಮಾಡುತ್ತದೆ, ಒಂದು ದಿನದೊಳಗಿನದಕ್ಕೆ 2 ಪಟ್ಟು. ಹಳೆಯದಾದಷ್ಟೂ ಬೆಲೆ ಕಡಿಮೆ.

ಈ ಲೆಕ್ಕವೇ ನನ್ನ ಕುತ್ತಿಗೆಗೆ ಬಂತು. ಆಫೀಸಿನ ಟೆಸ್ಟ್ ಮಷೀನಿನಲ್ಲಿ ನನಗೂ ಸಹೋದ್ಯೋಗಿಗೂ ಒಂದೇ ಲಾಗಿನ್, ಹಾಗಾಗಿ ಅಂಕದ ಪಟ್ಟಿಯೂ ಒಂದೇ. ಇಬ್ಬರಿಗೂ 'ಬಿಲ್ಡ್' ಅಂತ ಬೇರೆ ಬೇರೆ ಫೋಲ್ಡರ್. ಸಾಲದ್ದಕ್ಕೆ ಪ್ರಾಂಪ್ಟ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಜಾಗದ ಮುಂದೆ, ಫೋಲ್ಡರ್ ಪಾತಿನ ಕೊನೆಯ ಹೆಸರು ಮಾತ್ರ ಕಾಣುವಂತೆ ಮಾಡಿಟ್ಟಿದ್ದೆವು. ಒಂದು ಮಧ್ಯಾಹ್ನ ಝಡ್ ಬಿಲ್ಡ್ ಹೊಡೆದೆ. ಪ್ರಾಂಪ್ಟ್ 'ಬಿಲ್ಡ್' ಅಂದಿತು. ಎಲ್ಲ ಅಳಿಸಲು ಆರ್‌ಎಂ ಕಮಾಂಡ್ ಬರೆದು, ಎಂಟರ್ ಒತ್ತುವ ಮುಂಚೆ ಯಾಕೋ ಆ ಕಮಾಂಡನ್ನೇ ಅಳಿಸಿ, ಸುಮ್ನೆ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಹೊಡೆದೆ. ಒಂದು ಫೈಲೂ ನನ್ನದಲ್ಲ. ಹತ್ತು ನಿಮಿಷದ ಹಿಂದೆ ಅವರು ಅಲ್ಲಿಗೆ ಹೋಗಿಬಂದಿದ್ದರು, ಅವರ ಬಿಲ್ಡ್ ಮೇಲೆ ಬಂದಿತ್ತು.

ಅವತ್ತೇ ಆ ಮಷೀನಿನಿಂದ ಝಾಕ್ಸೈಡ್ ತೆಗೆದೆ. ಆದರೆ ಉಲ್ಟಾ ತೆಗೆದೆ. ಮೊದಲು ಆಪ್ಟ್‌ನಿಂದ ರಿಮೂವ್ ಮಾಡಿದೆ, ಬ್ಯಾಶ್‌ಆರ್‌ಸಿ ಸಾಲು ಮರೆತೇಹೋಯಿತು. ತೆರೆದೇ ಇದ್ದ ಟರ್ಮಿನಲ್‌ನಲ್ಲಿ ಸಿಡಿ ಮಾಡಿದಾಗಲೆಲ್ಲ ಎರರ್, ಏಕೆಂದರೆ ಹೋದ ಜಾಗ ಬರೆದಿಡುವ ಹುಕ್ ಇನ್ನೂ ಅಲ್ಲೇ ಇತ್ತು. ಹೊಸದು ತೆರೆದರೆ, ಝಾಕ್ಸೈಡ್ ಸಿಗಲಿಲ್ಲ, ಬೇಕಾದರೆ ಇನ್‌ಸ್ಟಾಲ್ ಮಾಡಿಕೊಳ್ಳಿ ಅಂತ ಉಬುಂಟುವಿನ ಸಲಹೆ ಬೇರೆ!

ಮೊದಲು ಆ ಸಾಲು ತೆಗೆದು, ಆಮೇಲೆ ಪ್ಯಾಕೇಜ್ ತೆಗೆದಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ. ಆಪ್ಟ್ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿನ ಡಾಟ್ ಲೋಕಲ್, ಅದರ ಒಳಗಿನ ಶೇರ್, ಅದರ ಒಳಗಿನ ಝಾಕ್ಸೈಡ್ ಫೋಲ್ಡರ್ ಹಾಗೇ ಉಳಿದಿತ್ತು. ನಾವಿಬ್ಬರೂ ಎಲ್ಲೆಲ್ಲಿ ಓಡಾಡಿದ್ದೆವು ಅನ್ನುವ ಪಟ್ಟಿ ಅದರಲ್ಲೇ ಇತ್ತು. ಅದನ್ನೂ ಅಳಿಸಿದೆ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಝಡ್ ಈಗಲೂ ಇದೆ. ಪ್ರಾಂಪ್ಟ್‌ನಲ್ಲಿ ಮಾತ್ರ ಪೂರ್ತಿ ಪಾತ್ ತೋರಿಸುವ ಹಾಗೆ ಮಾಡಿಕೊಂಡಿದ್ದೇನೆ.