ಓದುಗರ ಪ್ರಶ್ನೆಗೆ ನಗೆಯ ಉತ್ತರ: ನಾನು ಬರೆಯುವ ಬಗೆ

ಶಿವಮೊಗ್ಗದ ಸ್ಥಳೀಯ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಓದುಗರ ಪ್ರಶ್ನೆಗಳಿಗೆ ಹಾಸ್ಯದ ಉತ್ತರ ಕೊಡುವ ಅಂಕಣವನ್ನು ಕೆಲವು ವರ್ಷಗಳಿಂದ ಬರೆಯುತ್ತಿದ್ದೇನೆ. ಬೀಚಿಯವರು ‘ಸುಧಾ’ದಲ್ಲಿ ಉತ್ತರಿಸುತ್ತಿದ್ದುದನ್ನು ಓದಿ ಬೆಳೆದ ಹಿರಿಯರು ಇಂದಿಗೂ ಅಂಚೆ ಕಾರ್ಡಿನಲ್ಲಿಯೇ ಕೇಳುತ್ತಾರೆ, ಉಳಿದವರದೆಲ್ಲ ವಾಟ್ಸ್‌ಆ್ಯಪ್. ಕಾರ್ಡಿನ ಪ್ರಶ್ನೆ ಹೆಚ್ಚು ಬಿಗಿಯಾಗಿರುತ್ತದೆ, ಏಕೆಂದರೆ ಅಲ್ಲಿ ಜಾಗ ಕಡಿಮೆ. ಅಲ್ಲದೆ ಪೋಸ್ಟ್‌ಮ್ಯಾನ್ ಕೂಡ ಓದುತ್ತಾನೆಂಬ ಎಚ್ಚರ ಬರೆಯುವವರಿಗೆ ಇರುತ್ತದೆ.

ನಗು ಪ್ರಶ್ನೆ ಕೇಳಿದವರ ಮೇಲೆ ಬೀಳದೆ, ಅವರ ಊರಿನ ಬದುಕಿನೊಳಗಿಂದಲೇ ಹುಟ್ಟಬೇಕೆಂಬುದು ನಾನು ಪಾಲಿಸುವ ನಿಯಮ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ‘ಈ ಮಳೆ ಯಾವಾಗ ಬಿಡುತ್ತದೆ?’ ಎಂದು ಕೇಳಿದ್ದರು. ‘ಆಗುಂಬೆಯನ್ನೇ ಕೇಳಿ’ ಎಂದು ಮೊದಲು ಬರೆದೆ. ಯಾವ ವರ್ಷ, ಯಾವ ಪತ್ರಿಕೆಗಾದರೂ ಹೊಂದುವ ಮಾತು ಅದಾದ್ದರಿಂದ ಹೊಡೆದುಹಾಕಿದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗದ ಭಯದಲ್ಲಿರುವವರಿಗೆ ಮಳೆ ಬಿಡುವುದೆಂದರೆ ಅದನ್ನು ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಸಿಗುವ ಬಿಡುವು, ಆದರೆ ಆ ಬಿಡುವಿನಲ್ಲಿ ಊರಿನ ಎಲ್ಲರ ತೋಟಕ್ಕೂ ಬೇಕಾದವನು ಮರ ಹತ್ತಿ ಹೊಡೆಯುವ ಒಬ್ಬನೇ ಕೊನೆಗಾರ. ಇದು ನೆನಪಾದ ಮೇಲೆ ಉತ್ತರ ತಾನಾಗಿ ಬಂತು: ‘ನಿಮ್ಮ ಕೊನೆಗಾರ ಪಕ್ಕದ ಮನೆಯವರ ತೋಟಕ್ಕೆ ಹೋದ ದಿನ ಬಿಡುತ್ತದೆ, ನಿಮ್ಮ ತೋಟಕ್ಕೆ ಬಂದು ಮೊದಲ ಮರ ಹತ್ತಿದೊಡನೆ ಮತ್ತೆ ಹಿಡಿಯುತ್ತದೆ.’ ಇದರ ಕೊನೆಗೆ ‘ಬೇಕಾದರೆ ನೋಡಿ’ ಎಂದು ಸೇರಿಸಿದ್ದನ್ನು ಅಚ್ಚಿಗೆ ಹೋಗುವ ಮುನ್ನ ತೆಗೆದೆ. ಓದುಗರು ನಗಬೇಕಾದ ಜಾಗದಲ್ಲಿ ಬರೆಯುವವನು ಇನ್ನೂ ಮಾತನಾಡುತ್ತಿರಬಾರದು.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾದಾಗ, ಅದುವರೆಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚಿಗೆ ಕಾದೆನೆಂದು ನೆಪ ಹೇಳಿ ತಡವಾಗಿ ಮನೆಗೆ ಹೋಗುತ್ತಿದ್ದವರ ಗತಿಯೇನೆಂದು ಒಬ್ಬರು ವಿಚಾರಿಸಿದರು. ‘ಸೇತುವೆಯ ಮೇಲೆ ಸೆಲ್ಫಿ ತೆಗೆಯುವವರಿಂದ ದಾರಿ ಕಟ್ಟಿತ್ತು ಎನ್ನಿ, ನಿಮ್ಮ ಮನೆಯವರೂ ಅಲ್ಲಿ ನಿಂತು ತೆಗೆಸಿಕೊಂಡವರೇ ಆದ್ದರಿಂದ ನಂಬುತ್ತಾರೆ’ ಎಂದೆ. ಇಂಥವು ಸುಲಭ.

ಕಷ್ಟವಾಗುವುದು ನೋವನ್ನು ಒಳಗಿಟ್ಟುಕೊಂಡ ಪ್ರಶ್ನೆ ಬಂದಾಗ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡ ಕುಟುಂಬದ ಹಿರಿಯರೊಬ್ಬರು, ತಮ್ಮ ಜಮೀನಿನ ಹಕ್ಕುಪತ್ರ ಯಾವಾಗ ಬಂದೀತೆಂದು ಹಾಸ್ಯದ ಅಂಕಣಕ್ಕೇ ಬರೆದಿದ್ದರು. ಬೇರೆಲ್ಲ ಕಡೆ ಕೇಳಿ ಸಾಕಾಗಿ ಇಲ್ಲಿಗೆ ಬಂದಿದ್ದಾರೆಂಬುದು ಅಕ್ಷರದಲ್ಲೇ ಕಾಣುತ್ತಿತ್ತು. ಆ ಕಾರ್ಡನ್ನು ವಾರಗಟ್ಟಲೆ ಮೇಜಿನ ಮೇಲಿಟ್ಟುಕೊಂಡು, ಕೊನೆಗೆ ಹೀಗೆ ಉತ್ತರಿಸಿದೆ: ‘ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಊರಿನ ಗುರುತುಗಳಾದರೂ ಕಾಣುತ್ತವೆ. ನಿಮ್ಮ ಕಡತ ಯಾವ ಋತುವಿನಲ್ಲಿ ಮೇಲೇಳುತ್ತದೆಂದು ಪಂಚಾಂಗದಲ್ಲಿ ಹುಡುಕುತ್ತಿದ್ದೇನೆ.’

ಕೇಳಿದವರ ಹೆಸರು, ಊರನ್ನು ಸಾಮಾನ್ಯವಾಗಿ ಅಚ್ಚು ಮಾಡುತ್ತೇವೆ. ಅತ್ತೆ, ಸೊಸೆ, ಗಂಡಂದಿರ ಕುರಿತ ಪ್ರಶ್ನೆಗಳಲ್ಲಿ ಮಾತ್ರ ಹೆಸರು ಬಿಟ್ಟು ಊರನ್ನೂ ಬದಲಿಸುತ್ತೇನೆ, ಏಕೆಂದರೆ ನಾಲ್ಕಾರು ಮನೆಗಳ ಹಳ್ಳಿಯಲ್ಲಿ ಊರಿನ ಹೆಸರೊಂದೇ ಆಳನ್ನು ಹಿಡಿದುಕೊಡುತ್ತದೆ. ಹಾಗೆ ಹೊಸನಗರದ ಕಡೆಯ ಪ್ರಶ್ನೆಯೊಂದನ್ನು ‘ಶಿಕಾರಿಪುರದ ಸೊಸೆ’ ಎಂದು ಹಾಕಿದಾಗ, ‘ಅದನ್ನು ಬರೆದವಳು ನಾನಲ್ಲವೆಂದು ಮುಂದಿನ ವಾರ ಪ್ರಕಟಿಸಿ, ಅತ್ತೆಯವರು ಪತ್ರಿಕೆ ಎತ್ತಿಟ್ಟುಕೊಂಡಿದ್ದಾರೆ’ ಎಂದು ಶಿಕಾರಿಪುರದಿಂದ ಬೇರೆ ಬೇರೆ ಮನೆಯವರ ಪತ್ರಗಳು ಬಂದವು.