ಹಳೆಯದನ್ನು ಮಾರುವಾಗ ಬೆಲೆ ಕಟ್ಟುವುದು ಹೇಗೆ?

ಕದ್ರಿಯಿಂದ ಸುರತ್ಕಲ್‌ಗೆ ಮನೆ ಬದಲಿಸುತ್ತಿದ್ದೀರಿ, ತೇಗದ ಮಂಚ ಮಾರಬೇಕು ಅಂತಿಟ್ಟುಕೊಳ್ಳಿ. ನೀವು 20,000 ರೂಪಾಯಿ ಅನ್ನುತ್ತೀರಿ. ನೋಡಲು ಬಂದವರು 10,000ದ ಮೇಲೆ ಏರುವುದೇ ಇಲ್ಲ. ಅವರು ಜಿಪುಣರೆಂದು ನಿಮಗೆ, ನೀವು ಆಸೆಬುರುಕರೆಂದು ಅವರಿಗೆ. ನಿಜಕ್ಕೂ ಇಬ್ಬರೂ ಮನಸ್ಸಿಗೆ ಅನಿಸಿದ್ದನ್ನೇ ಹೇಳುತ್ತಿದ್ದೀರಿ. ಸಿಗುವ ಖುಷಿಗಿಂತ ಕಳೆದುಕೊಳ್ಳುವ ನೋವು ನಮಗೆ ಜಾಸ್ತಿ.

ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರರು 1990ರಲ್ಲಿ ಇದನ್ನು ತೋರಿಸಿಕೊಟ್ಟರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಸುಮ್ನೆ ಒಂದೊಂದು ಕಾಫಿ ಮಗ್ ಕೊಟ್ಟರು. ಮಗ್ ಸಿಕ್ಕಿದವರು ಮಾರಲು ಐದು ಡಾಲರಿಗೂ ಮೇಲೆ ಕೇಳಿದರು. ಸಿಗದವರು ಕೊಡಲು ಒಪ್ಪಿದ್ದು ಅದರ ಅರ್ಧದಷ್ಟು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ, ಮಕ್ಕಳು ಮಲಗಿ ಬೆಳೆದ ಮಂಚಕ್ಕೆ ಹೇಗಾಗಬೇಡ!

ಹಾಗಾಗಿ ಮೊದಲು, ಯಾರಿಗೂ ರೇಟ್ ಹೇಳುವ ಮುಂಚೆ, ಇದೇ ಮಂಚ ಬೇರೆಯವರ ಮನೆಯಲ್ಲಿದ್ದರೆ ನೀವು ಎಷ್ಟು ಕೊಟ್ಟು ತರುತ್ತಿದ್ದಿರಿ ಎಂದು ಬರೆದಿಡಿ. ಆ ಅಂಕಿಯ ಹತ್ತಿರದಿಂದಲೇ ಮಾತು ಶುರುಮಾಡಿ.

ಆಮೇಲೆ ಹಳೆ ಸಾಮಾನಿನ ವ್ಯಾಪಾರಿಯನ್ನು ಕೇಳಿ. ತಮ್ಮ ಲಾಭ ಇಟ್ಟುಕೊಂಡು ಕಡಿಮೆಯೇ ಹೇಳುತ್ತಾರೆ, ನಿಜ. ಆದರೆ ಮಾರುವುದಕ್ಕೆಂದೇ ಇಟ್ಟುಕೊಂಡ ವಸ್ತು ಕೈಬಿಟ್ಟರೆ ಅವರಿಗೆ ನೋವಾಗುವುದಿಲ್ಲ. ಅದಕ್ಕೇ ಅವರ ಲೆಕ್ಕ ಕೇಳಬೇಕು.

ಅಜ್ಜಿಯ ತೊಟ್ಟಿಲಿನಂಥದ್ದು ಇದ್ದರೆ ಮಾರಲೇ ಬೇಡಿ. ಪ್ರೀತಿಗೆ ರೇಟ್ ಕಟ್ಟಿ, ಕೊಳ್ಳುವವರು ಅದನ್ನು ಕೊಡಲಿಲ್ಲ ಎಂದು ಬೇಸರಪಡುವುದು ಯಾಕೆ?

ಅಡಿಕೆ ತೋಟದವರಿಗೆ ಈ ಕಷ್ಟ ಇನ್ನೂ ದೊಡ್ಡದು. 'ಮೊನ್ನೆ ಕಿಲೋಗೆ 450 ಇತ್ತು ಮಾರಾಯ್ರೆ, ಈಗ 430ಕ್ಕೆ ಹೇಗೆ ಕೊಡುವುದು?' ಎಂಬ ಮಾತು ಯಾರ ಮನೆಯಲ್ಲಿ ಬಂದಿಲ್ಲ? ಕೈಗೆ ಬಾರದ 20 ರೂಪಾಯಿಯೂ ಕಿಸೆಯಿಂದಲೇ ಹೋದಂತೆ ಚುಚ್ಚುತ್ತದೆ. ಆಗ ಹೀಗೆ ಕೇಳಿಕೊಳ್ಳಿ: ಅಡಿಕೆಯ ಬದಲು ನನ್ನ ಕೈಯಲ್ಲಿ ದುಡ್ಡೇ ಇದ್ದಿದ್ದರೆ, ಇವತ್ತಿನ ರೇಟಿಗೆ ಅಡಿಕೆ ಕೊಂಡು ಗೋಣಿಯಲ್ಲಿ ತುಂಬಿಡುತ್ತಿದ್ದೆನಾ? 'ಹೌದು' ಎಂದಾದರೆ ಧೈರ್ಯವಾಗಿ ಇಡಿ. 'ಇಲ್ಲ' ಎಂದಾದರೆ ನಿಮ್ಮನ್ನು ತಡೆಯುತ್ತಿರುವುದು ಮೊನ್ನೆಯ ರೇಟ್ ಮಾತ್ರ.

ಮಗಳ ಮದುವೆಗೆ, ಕಾಲೇಜು ಫೀಸಿಗೆ ಎಂದು ಅಡಿಕೆ ಕೂಡಿಡುವುದು ಬೇರೆ ವಿಷಯ. ನಮ್ಮ ಕಡೆ ಎಷ್ಟೋ ಮನೆಗಳು ನಿಂತಿರುವುದೇ ಆ ಉಳಿತಾಯದಿಂದ. ಅದನ್ನು ಬೇರೆಯೇ ತೆಗೆದಿಡಿ, ಹುಳ ಹಿಡಿಯದಂತೆ ನೋಡಿಕೊಳ್ಳಿ. ಉಳಿದದ್ದನ್ನು ಒಂದೇ ದಿನ ಕೊಡಬೇಕೆಂದೇನೂ ಇಲ್ಲ. ಯಾವ ತಿಂಗಳು ಎಷ್ಟು ಗೋಣಿ ಎಂದು ಈಗಲೇ ಕ್ಯಾಲೆಂಡರಿನಲ್ಲಿ ಬರೆದು, ಆ ದಿನದ ರೇಟಿಗೆ ಕೊಟ್ಟು ಬನ್ನಿ.