ಅರಳು ಮರಳು ಎನ್ನುವ ಮುನ್ನ ತಟ್ಟೆ ನೋಡಿ

ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆತರು, ಬೆಳಿಗ್ಗೆ ಹೇಳಿದ್ದನ್ನೇ ಮಧ್ಯಾಹ್ನ ಮತ್ತೆ ಹೇಳಿದರು. ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುತ್ತಾರೆ. ಆ ನಗೆಯಲ್ಲಿ ಒಂದೆರಡು ವರ್ಷ ಕಳೆದುಹೋಗುತ್ತದೆ. ಮುಪ್ಪಿನ ಮರೆವೆಲ್ಲ ಡಿಮೆನ್ಷಿಯಾ, ಅಂದರೆ ನೆನಪು-ಬುದ್ಧಿ ಕ್ರಮೇಣ ಕುಂದುವ ಕಾಯಿಲೆ, ಅಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಆ ಕಾಯಿಲೆ ಇದೆ. ಉಳಿದವರ ಮರೆವಿಗೆ ಕಾರಣ ಎಷ್ಟೋ ಸಲ ತಟ್ಟೆಯಲ್ಲೋ ಮಾತ್ರೆ ಡಬ್ಬಿಯಲ್ಲೋ ಸಿಗುತ್ತದೆ, ಸಿಕ್ಕರೆ ಸರಿಪಡಿಸಲೂ ಬರುತ್ತದೆ.

ಮೊದಲೇ ಒಂದು ಮಾತು. ‘ನೆನಪಿನ ಶಕ್ತಿ ಹೆಚ್ಚಿಸುವ ಐದು ಆಹಾರ’ ಎಂಬ ಪಟ್ಟಿ ಇಲ್ಲಿಲ್ಲ. ಚಿಕಾಗೋದ ರಷ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಸೊಪ್ಪು, ಕಾಳು, ಬೀಜ, ಬೆರಿ ಹಣ್ಣು, ಮೀನುಗಳ ‘ಮೈಂಡ್’ ಆಹಾರಕ್ರಮವನ್ನು ಮುಂದಿಟ್ಟಾಗ ಜಗತ್ತೆಲ್ಲ ಹುರುಪಿನಲ್ಲಿತ್ತು. ಅದನ್ನೇ 604 ಹಿರಿಯರ ಮೇಲೆ ಮೂರು ವರ್ಷ ಪ್ರಯೋಗಿಸಿ ನೋಡಿದ ಫಲಿತಾಂಶ 2023ರಲ್ಲಿ ಬಂತು: ಮಾಮೂಲಿ ಊಟವನ್ನೇ ತುಸು ಇಳಿಸಿಕೊಂಡವರಿಗೂ ಮೈಂಡ್ ಊಟ ಮಾಡಿದವರಿಗೂ ನೆನಪಿನ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದಲ್ಲಿ ಫಲ ಕಂಡಿತು. ಆದರೆ ಅಲ್ಲಿ ಊಟದ ಜೊತೆ ವ್ಯಾಯಾಮ, ಮೆದುಳಿಗೆ ಕಸರತ್ತು, ಬಿಪಿ-ಶುಗರ್ ನಿಗಾ ಎಲ್ಲವೂ ಇದ್ದವು. ಊಟವೊಂದೇ ಮಂತ್ರದಂಡವಲ್ಲ. ಕೊರತೆ ಇದ್ದಾಗ ಮಾತ್ರ ತಟ್ಟೆ ಬದಲಿಸಿದ್ದಕ್ಕೆ ತಕ್ಕ ಫಲ ಸಿಗುತ್ತದೆ. ಹಾಗಾಗಿ ಕೊರತೆ ಹುಡುಕುವುದರಿಂದಲೇ ಶುರು ಮಾಡೋಣ.

ಹಂತ 1: ಮೂರು ದಿನ ಬರೆದಿಡಿ

ಎರಡು ಮಾಮೂಲಿ ದಿನ, ಒಂದು ಒಪ್ಪತ್ತಿನ ದಿನ. ಬಡಿಸಿದ್ದನ್ನಲ್ಲ, ಹೊಟ್ಟೆಗೆ ಹೋದದ್ದನ್ನು ಬರೆಯಿರಿ. ಪಲ್ಯ ಬಡಿಸಿರುತ್ತೀರಿ, ಅದು ತಟ್ಟೆಯ ಅಂಚಿನಲ್ಲೇ ಉಳಿದಿರುತ್ತದೆ. ಕಾಫಿ, ಬಿಸ್ಕತ್ತು, ಮಾತ್ರೆ ಎಲ್ಲವನ್ನೂ ಹೊತ್ತಿನ ಸಮೇತ ಗುರುತಿಸಿ.

ಬಹಳಷ್ಟು ಮನೆಗಳಲ್ಲಿ ಕಾಣುವುದು ಒಂದೇ ಚಿತ್ರ: ಬೆಳಿಗ್ಗೆ ಕಾಫಿ, ಎರಡು ಇಡ್ಲಿ, ಮಧ್ಯಾಹ್ನ ಅನ್ನ, ತಿಳಿಸಾರು, ನೀರುಮಜ್ಜಿಗೆ, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅದೇ ಅನ್ನ. ಇದಕ್ಕೆ ಹಟ ಕಾರಣವಲ್ಲ. ಹಲ್ಲುಸೆಟ್ಟು ಸಡಿಲವಾಗಿ ಕಾಳು-ಸೊಪ್ಪು ಅಗಿಯಲಾಗದು, ವಾಸನೆ-ರುಚಿ ಮಂದವಾಗಿರುತ್ತದೆ, ಒಬ್ಬರಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ ಎಂಬ ಬೇಸರವೂ ಇರುತ್ತದೆ. ಹಲ್ಲಿನ ತೊಂದರೆ ಇದ್ದರೆ ಮೊದಲು ದಂತವೈದ್ಯರ ಬಳಿ ಹೋಗಿ. ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಕಾಗದದ ಮೇಲೇ ಉಳಿಯುತ್ತದೆ. ಅದೇ ದಿನ ತೂಕವನ್ನೂ ಬರೆದುಕೊಳ್ಳಿ. ತಿಂಗಳಿಗೊಮ್ಮೆ ನೋಡುತ್ತಾ ಹೋಗಿ, ಪ್ರಯತ್ನಪಡದೆ ಇಳಿಯುತ್ತಿದ್ದರೆ ವೈದ್ಯರಿಗೆ ಹೇಳಿ.

ಹಂತ 2: ಬಿ12 ಮತ್ತು ಮಾತ್ರೆ ಡಬ್ಬಿ

ಬಿ12 ವಿಟಮಿನ್ ನರಗಳ ಹೊದಿಕೆಗೂ ರಕ್ತಕ್ಕೂ ಬೇಕು. ಕೊರತೆಯಾದರೆ ಮರೆವು, ಮಂಕು, ಪಾದದಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ತೂರಾಟ ಶುರುವಾಗುತ್ತದೆ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದು ಇರುವುದು. ಸೊಪ್ಪು-ಕಾಳುಗಳಲ್ಲಿ ಇಲ್ಲ, ಹುದುಗಿದ ಇಡ್ಲಿ ಹಿಟ್ಟನ್ನು ನೆಚ್ಚುವಂತಿಲ್ಲ, ಸ್ಪಿರುಲಿನಾ ಪುಡಿಯಲ್ಲಿರುವ ಬಗೆ ನಮ್ಮ ಮೈಗೆ ಹತ್ತದು.

ಸಸ್ಯಾಹಾರಿಗಳಿಗೆ ಉಳಿಯುವುದು ಹಾಲು. ಕಾಲು ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ12 ಸಿಗುತ್ತದೆ. ದಿನಕ್ಕೆ ಬೇಕಾದದ್ದು ಎರಡಕ್ಕಿಂತ ಸ್ವಲ್ಪ ಹೆಚ್ಚು. ‘ದಿನಾ ಮೂರು ಸಲ ಹಾಲು ಕುಡಿಯುತ್ತೇನೆ’ ಎನ್ನುವವರು ಅಳೆದು ನೋಡಲಿ: ಮೂರು ಲೋಟ ಕಾಫಿಗೆ ಬೀಳುವ ಹಾಲು 150-200 ಮಿ.ಲೀ. ಮೀರುವುದು ಅಪರೂಪ. ನೀರುಮಜ್ಜಿಗೆ ಮೊಸರಿಗೆ ಸಮವಲ್ಲ. ಹಾಲನ್ನು ಮತ್ತೆಮತ್ತೆ ಕುದಿಸಿದರೆ ಇದ್ದದ್ದೂ ಒಂದಿಷ್ಟು ಹೋಗುತ್ತದೆ.

ಇಷ್ಟು ತಿಂದರೂ ಮುಪ್ಪಿನಲ್ಲಿ ಇನ್ನೊಂದು ತೊಡಕಿದೆ. ಜಠರದ ಆಮ್ಲ ಕಡಿಮೆಯಾದಾಗ ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳದೆ ಹಾಗೇ ಹೊರಟುಹೋಗುತ್ತದೆ. ವರ್ಷಗಟ್ಟಲೆ ‘ಗ್ಯಾಸ್ ಮಾತ್ರೆ’ ಎಂದು ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾಡುವುದೂ ಇದನ್ನೇ. ಶುಗರಿನ ಮೆಟ್‌ಫಾರ್ಮಿನ್ ಕೂಡ ಬಿ12 ಹೀರಿಕೆಗೆ ಅಡ್ಡ ಬರುತ್ತದೆ. ಎರಡೂ ಇರುವ ಸಸ್ಯಾಹಾರಿ ಹಿರಿಯರು ಪರೀಕ್ಷೆ ಮಾಡಿಸದೆ ಇರಬಾರದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ವೈದ್ಯರಲ್ಲಿ ಕೇಳಬೇಕಾದ ರಕ್ತಪರೀಕ್ಷೆಗಳು: ಬಿ12, ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಕಡಿಮೆಯಾದಾಗ ಏರುವ ಅಂಕಿ), ಹಿಮೋಗ್ಲೋಬಿನ್ ಸಮೇತ ರಕ್ತಕಣಗಳ ಎಣಿಕೆ, ಸೋಡಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಮೂರು ತಿಂಗಳ ಸರಾಸರಿ ಶುಗರ್. ಬಿ12 ಸಾಮಾನ್ಯವಾಗಿ ಒಂದು ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅನುಮಾನದ ಅಂಚು. ಕೊರತೆ ಖಚಿತವಾದ ಮೇಲೆ ಅದನ್ನು ಊಟದಿಂದ ತುಂಬಿಸಲು ಹೊರಡಬೇಡಿ, ಆಗದು. ಇಂಜೆಕ್ಷನ್ನೋ ಹೆಚ್ಚಿನ ಪ್ರಮಾಣದ ಮಾತ್ರೆಯೋ ಬೇಕು. ರಕ್ತದ ಅಂಕಿ ಕೆಲವು ವಾರಗಳಲ್ಲಿ ಏರುತ್ತದೆ, ಜೋಮು-ಮಂಕು ಇಳಿಯಲು ತಿಂಗಳುಗಳು ಬೇಕು, ಬಹಳ ಹಳೆಯದಾದರೆ ಪೂರ್ತಿ ಹೋಗದೆಯೂ ಇರಬಹುದು. ಇಲ್ಲೊಂದು ದೊಡ್ಡ ಎಡವಟ್ಟು ನಡೆಯುತ್ತದೆ. ಸುಸ್ತು ಎಂದು ಔಷಧಿ ಅಂಗಡಿಯಿಂದ ಬರೀ ಫೋಲಿಕ್ ಆಸಿಡ್ ತಂದು ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿದೇ ಇರುತ್ತದೆ.

ಥೈರಾಯ್ಡ್ ಕಡಿಮೆಯಾದರೂ ಮರೆವು ಬರುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಟಿಎಸ್‌ಎಚ್ ಇಳಿಯದಿದ್ದರೆ ಫಿಲ್ಟರ್ ಕಾಫಿಯನ್ನು ಅನುಮಾನಿಸಿ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ನೆಗಡಿ-ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆ, ನಿದ್ದೆ ಮಾತ್ರೆಗಳೂ ಹಿರಿಯರನ್ನು ಮಂಕಾಗಿಸುತ್ತವೆ. ಡಬ್ಬಿಯನ್ನೇ ವೈದ್ಯರ ಮುಂದೆ ತೆರೆದಿಡಿ.

ಹಂತ 3: ತಿಳಿಸಾರಿನಿಂದ ಗಟ್ಟಿಬೇಳೆಗೆ

ಪ್ರೋಟೀನ್ ನೇರವಾಗಿ ನೆನಪು ಬೆಳೆಸುವುದಿಲ್ಲ. ಅದಿಲ್ಲದೆ ಮಾಂಸಖಂಡ ಕರಗಿ, ನಡೆದಾಟ ನಿಂತು, ಸಣ್ಣ ಸೋಂಕಿಗೂ ಹಾಸಿಗೆ ಹಿಡಿಯುವಂತಾಗುತ್ತದೆ. ಹಾಸಿಗೆ ಹಿಡಿದವರ ಬುದ್ಧಿ ಬೇಗ ಮಸುಕಾಗುತ್ತದೆ. ಹಿರಿಯರಿಗೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರ ಲೆಕ್ಕವನ್ನೇ ಪಾಲಿಸಬೇಕು.

55 ಕಿಲೋ ತೂಕದ ಸಸ್ಯಾಹಾರಿ ಅಜ್ಜಿಯ ಲೆಕ್ಕ ಹೀಗೆ: 400 ಮಿ.ಲೀ. ಹಾಲಿನಿಂದ 13 ಗ್ರಾಂ, ಒಂದು ಬಟ್ಟಲು ಗಟ್ಟಿ ಮೊಸರಿನಿಂದ 5, ಒಣತೂಕದಲ್ಲಿ 60 ಗ್ರಾಂ ಬೇಳೆ-ಕಾಳಿನಿಂದ 13, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7, ದಿನದ ಅಕ್ಕಿ-ರಾಗಿ-ಗೋಧಿಯಿಂದ 17. ಅಲ್ಲಿಗೆ 55. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಸೇರುತ್ತದೆ. ತಿಳಿಸಾರಿನ ಒಂದು ಸೌಟಿನಲ್ಲಿ ಸಿಗುವುದು ಎರಡು-ಮೂರು ಗ್ರಾಂ ಅಷ್ಟೆ. ಬೇಳೆ ತಳದಲ್ಲಿರುತ್ತದೆ, ಹಿರಿಯರಿಗೆ ಮೇಲಿನ ತಿಳಿ ಹೋಗುತ್ತದೆ. ಸೌಟನ್ನು ತಳಮುಟ್ಟಿ ತಿರುಗಿಸಿ ಬಡಿಸಿ. ಅಗಿಯಲಾಗದವರಿಗೆ ಹುರಿದ ಕಡಲೆಕಾಯಿಯನ್ನು ಚಟ್ನಿಪುಡಿ ಮಾಡಿ, ಹೆಸರುಕಾಳನ್ನು ನೆನೆಸಿ ರುಬ್ಬಿ ದೋಸೆ ಹುಯ್ಯಿರಿ.

ಹಂತ 4: ದಿನಕ್ಕೊಂದು ಬಗೆಯ ಸೊಪ್ಪು

ಹಸಿ ಸೊಪ್ಪು 100 ಗ್ರಾಂ ಬೇಯಿಸಿದರೆ ಅರ್ಧ ಬಟ್ಟಲಾಗುತ್ತದೆ, ಒಬ್ಬರಿಗೆ ಅಷ್ಟು ಸಾಕು. ಸೊಪ್ಪಿನ ಫೋಲೇಟ್ ಎಂಬ ಬಿ ವಿಟಮಿನ್ ನೀರಿಗಿಳಿಯುವ ಗುಣದ್ದು. ಬೇಯಿಸಿ ನೀರು ಚೆಲ್ಲಿದರೆ ಅದೂ ಚರಂಡಿ ಪಾಲು. ಈ ದೃಷ್ಟಿಯಿಂದ ಬಸ್ಸಾರಿಗಿಂತ ಜಾಣ ಅಡುಗೆ ಇನ್ನೊಂದಿಲ್ಲ: ಕಾಳು, ಸೊಪ್ಪು ಬಸಿದು ಪಲ್ಯ, ಬಸಿದ ನೀರಿನಲ್ಲೇ ಸಾರು. ನಾರು ಅಗಿಯಲಾಗದವರಿಗೆ ಮಸ್ಸೊಪ್ಪು ಮಾಡಿ, ದಂಟನ್ನು ಬಿಟ್ಟು ಎಲೆ ಮಾತ್ರ ಹಾಕಿ. ಊಟದ ಜೊತೆಗೇ ಕಾಫಿ-ಚಹಾ ಬೇಡ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಬಗೆಯ ಮಾತ್ರೆ ಸೇವಿಸುವವರು ಎಚ್ಚರ ವಹಿಸಬೇಕು. ಸೊಪ್ಪಿನ ಕೆ ವಿಟಮಿನ್ ಆ ಮಾತ್ರೆಗೆ ವಿರುದ್ಧ. ಸೊಪ್ಪು ಬಿಡಬೇಕಾಗಿಲ್ಲ, ಪ್ರಮಾಣ ದಿನಾ ಒಂದೇ ಇರಬೇಕು. ಈ ಲೇಖನ ಓದಿ ನಾಳೆಯಿಂದಲೇ ದುಪ್ಪಟ್ಟು ಮಾಡುವುದು ಅಪಾಯ.

ಒಂದೆಲಗದ ವಿಷಯ. ಕರಾವಳಿ, ಮಲೆನಾಡಿನಲ್ಲಿ ಇದನ್ನೇ ಬ್ರಾಹ್ಮಿ ಎನ್ನುವವರಿದ್ದಾರೆ. ನೀರುಬ್ರಾಹ್ಮಿ ಬೇರೆಯೇ ಗಿಡ. ನೆನಪಿನ ಕುರಿತ ಸಣ್ಣಪುಟ್ಟ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ನೀರುಬ್ರಾಹ್ಮಿಯ ಸಾರದ ಮಾತ್ರೆಯನ್ನು ವಾರಗಟ್ಟಲೆ ಕೊಟ್ಟು, ತಂಬುಳಿ ಉಣಿಸಿ ಅಲ್ಲ. ಒಂದೆಲಗದ ತಂಬುಳಿಯನ್ನು ಧಾರಾಳವಾಗಿ ಮಾಡಿ, ಒಳ್ಳೆಯ ಸೊಪ್ಪಿನಡುಗೆ ಎಂದು ಉಣ್ಣಿ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳನ್ನು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ ಒಂದು ಲೋಟ ಮಜ್ಜಿಗೆಗೆ ಬೆರೆಸಿದರಾಯಿತು. ಇದು ತೇವದ ಜಾಗದಲ್ಲಿ, ಎಷ್ಟೋ ಸಲ ಬಚ್ಚಲ ನೀರು ಹರಿಯುವಲ್ಲೇ ಬೆಳೆಯುತ್ತದೆ. ಮೂರು ನೀರಿನಲ್ಲಿ ತೊಳೆದೇ ಬಳಸಿ.

ಹಂತ 5: ಅಗಸೆ, ಮೀನು, ಎಣ್ಣೆ

ಒಮೇಗಾ-3 ಕೊಬ್ಬು ಮೀನಿನಲ್ಲಿ ನೇರವಾಗಿ ಸಿಗುತ್ತದೆ. ಬೂತಾಯಿ, ಬಂಗುಡೆಯಂಥ ಅಗ್ಗದ ಮೀನಿನಲ್ಲೇ ಹೇರಳ. ವಾರಕ್ಕೆ ಎರಡು ಸಲ ಸಾರು ಮಾಡಿ. ಆಳ ಎಣ್ಣೆಯಲ್ಲಿ ಕರಿದರೆ ಲಾಭ ಕಡಿಮೆ. ಸಸ್ಯಾಹಾರಿಗಳಿಗೆ ಅಗಸೆ ಇದೆ. ಅದರ ಕೊಬ್ಬಿನಲ್ಲಿ ಸ್ವಲ್ಪ ಭಾಗವಷ್ಟೇ ಮೆದುಳಿಗೆ ಬೇಕಾದ ರೂಪಕ್ಕೆ ಬದಲಾಗುತ್ತದೆ, ಆದರೂ ಬಿಡುವಂಥದ್ದಲ್ಲ. ಉತ್ತರ ಕರ್ನಾಟಕದ ಊಟದಲ್ಲಿ ಅಗಸೆಯ ಪಕ್ಕದಲ್ಲೇ ಕೂರುವ ಗುರೆಳ್ಳಿನಲ್ಲಿ ಇರುವುದು ಮುಖ್ಯವಾಗಿ ಒಮೇಗಾ-6, ಒಂದರ ಬದಲು ಇನ್ನೊಂದು ಆಗದು.

ಅಗಸೆಯನ್ನು ಇಡಿಯಾಗಿ ತಿಂದರೆ ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಪುಡಿಮಾಡಿ. ಬಿಸಿಯಲ್ಲೇ ಪುಡಿಮಾಡಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ಒಂದು ಸಲಕ್ಕೆ 200 ಗ್ರಾಂ ಸಾಕು, ಫ್ರಿಜ್ಜಿನಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. ಕಮಟು ವಾಸನೆ ಬಂದರೆ ಎಸೆಯಿರಿ. ದಿನಕ್ಕೆ ಎರಡು ಚಮಚ, ಮೊಸರಿನೊಂದಿಗೆ. ಮೇಲೆ ನೀರು ಕುಡಿಯದಿದ್ದರೆ ಮಲಬದ್ಧತೆ ಗ್ಯಾರಂಟಿ.

ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್. ಕರಿದ ಎಣ್ಣೆಯನ್ನು ಮತ್ತೆ ಕಾಯಿಸಬೇಡಿ.

ಉಪ್ಪು, ಉಪವಾಸ, ನೀರು

ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಮಟ್ಟಸ ಟೀಚಮಚ, ಉಪ್ಪಿನಕಾಯಿ-ಹಪ್ಪಳದ್ದೂ ಸೇರಿ. ಬಿಪಿ ಏರಿದರೆ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಆದರೆ ಉತ್ಸಾಹದಲ್ಲಿ ಉಪ್ಪನ್ನು ಪೂರ್ತಿ ಬಿಟ್ಟು, ಮೇಲೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನೂ ನುಂಗುವವರಲ್ಲಿ ಸೋಡಿಯಂ ಕುಸಿದು ದಿಕ್ಕೇ ತಪ್ಪಿದಂತಾಗುತ್ತದೆ. ನಿನ್ನೆ ಸರಿಯಿದ್ದವರು ಇಂದು ಇದ್ದಕ್ಕಿದ್ದಂತೆ ಮನೆಯವರನ್ನು ಗುರುತಿಸದಿದ್ದರೆ ಅದು ಮರೆವಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಡಿಯಂ, ಶುಗರ್, ಮೂತ್ರದ ಸೋಂಕು, ಪಾರ್ಶ್ವವಾಯು ಏನೂ ಇರಬಹುದು. ಏಕಾದಶಿಯ ಉಪವಾಸ ಮಾಡಿ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತಪ್ಪಿಸದವರ ಶುಗರ್ ಕುಸಿಯುವುದೂ ಹೀಗೆಯೇ. ಹಬ್ಬದ ಮೊದಲೇ ವೈದ್ಯರನ್ನು ಕೇಳಿ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದಿಲ್ಲ. ರಾತ್ರಿ ಏಳಬೇಕಾದೀತೆಂದು ನೀರನ್ನೇ ಬಿಡುವವರೂ ಇದ್ದಾರೆ. ಬೆಳಿಗ್ಗೆ ಒಂದೂವರೆ ಲೀಟರಿನ ಬಾಟಲಿ ತುಂಬಿಸಿ ಕಣ್ಣಿಗೆ ಬೀಳುವಲ್ಲಿಡಿ, ಸಂಜೆ ಆರರೊಳಗೆ ಖಾಲಿಯಾಗಲಿ. ಹೃದಯ, ಮೂತ್ರಪಿಂಡದ ರೋಗಿಗಳಿಗೆ ಈ ಲೆಕ್ಕ ಬೇರೆ.

ಮರೆವು ಈಗಾಗಲೇ ಬಲಿತಿದ್ದರೆ

ಆಗ ಏನು ಉಣ್ಣುತ್ತಾರೆ ಎನ್ನುವುದಕ್ಕಿಂತ ಉಣ್ಣುತ್ತಾರೆಯೇ ಎನ್ನುವುದೇ ದೊಡ್ಡದು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ-ಮೊಸರು ಕಣ್ಣಿಗೆ ಕಾಣದೆ ಬಿಡುತ್ತಾರೆ, ಗಾಢಬಣ್ಣದ ತಟ್ಟೆ ಕೊಡಿ. ನಾಲ್ಕು ಬಗೆ ಒಟ್ಟಿಗೆ ಬಡಿಸಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಟಿವಿ ಆರಿಸಿ. ಚಮಚ ಹಿಡಿಯಲು ತೊಡಕಾದರೆ ಕೈಯಲ್ಲಿ ಹಿಡಿದು ತಿನ್ನುವ ಇಡ್ಲಿ ತುಂಡು, ಮೆತ್ತನೆ ಚಪಾತಿ ಸುರುಳಿ ಕೊಡಿ. ಉಣ್ಣುವಾಗ ಕೆಮ್ಮು ಬಂದರೆ, ತುತ್ತು ಬಾಯಲ್ಲೇ ಉಳಿದರೆ ನುಂಗುವ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಮಲಗಿಸಿ ಉಣಿಸಬೇಡಿ, ನೇರ ಕೂರಿಸಿ. ಕೈತೊಳೆದು ಹತ್ತು ನಿಮಿಷಕ್ಕೆ ‘ನನಗೆ ಊಟವೇ ಹಾಕಲಿಲ್ಲ’ ಎಂದರೆ ವಾದಕ್ಕಿಳಿಯಬೇಡಿ. ಮಧ್ಯಾಹ್ನದ ಪಾಲಿನಲ್ಲಿ ಸ್ವಲ್ಪ ತೆಗೆದಿಟ್ಟುಕೊಂಡಿದ್ದರೆ ಒಂದು ಸಣ್ಣ ಬಟ್ಟಲಲ್ಲಿ ಅದನ್ನೇ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.